ಹಟ್ಟಿ ಹಾಕಿದಲ್ಲಿ ಹುಟ್ಟಿದ ಜಾಲಿ

ನಮ್ಮ ಹೊಲದಲ್ಲಿ ಕಸ ಇರಲಿಲ್ಲ ಎಂದು ನಾನು ಹೇಳಿದರೆ ನಮ್ಮೂರು ನಾಗಣಸೂರಿನ ಜನ ನಗುತ್ತಾರೆ. ಕಸ ಇಲ್ಲದ ಹೊಲ ಎಲ್ಲಿದೆ? ಆದರೆ ನಮ್ಮ ಹೊಲದ ಕಸ ನನಗೆ ಗುರುತಿನದು. ಯಾವ ಮಳೆಗೆ ಯಾವುದು ಏಳುತ್ತದೆ, ಯಾವುದನ್ನು ಎತ್ತು ತಿನ್ನುತ್ತದೆ, ಯಾವುದನ್ನು ನನ್ನ ಹೆಂಡತಿ ಪಲ್ಯಕ್ಕೆಂದು ಉಡಿಯಲ್ಲಿ ತುಂಬಿಕೊಂಡು ಹೋಗುತ್ತಾಳೆ, ಯಾವುದನ್ನು ಬೇರುಸಹಿತ ಕಿತ್ತು ಬದುವಿನ ಮೇಲೆ ಬಿಸಿಲಿಗೆ ಒಣಗಹಾಕಬೇಕು, ಇದೆಲ್ಲ ನನಗೆ ಗೊತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಬಿಟ್ಟ ಮರುದಿನವೇ ಕುಂಟೆಯ ಹಿಂದೆ ನಿಂತೆ. ಅದಕ್ಕೆ ಇವತ್ತಿಗೂ ನಾಚಿಕೊಂಡಿಲ್ಲ.

ನಮ್ಮದು ಹಿಂಗಾರಿ ಜೋಳದ ಕರಿ ಭೂಮಿ. ಮಳೆಗಾಲದಲ್ಲಿ ಬಿತ್ತದೆ ಖಾಲಿ ಬಿಡುತ್ತೇವೆ. ರಸ್ತೆಯ ಮೇಲೆ ಹೋಗುವವರಿಗೆ ಹೊಲ ಸುಮ್ಮನೆ ಬಿದ್ದಂತೆ ಕಾಣುತ್ತದೆ. ಸುಮ್ಮನೆ ಬಿದ್ದಿರುವುದಿಲ್ಲ. ಒಂದು ಮಳೆ ಬಂದು ಕಸ ಚಿಗುರಿದ ಮೇಲೆ ಎತ್ತು ಹೂಡಿ ಕುಂಟೆ ಹೊಡೆಯುತ್ತೇವೆ. ಕುಂಟೆಗೆ ಅಡ್ಡವಾಗಿ ಒಂದು ಕಬ್ಬಿಣದ ಅಲಗು. ಅದು ಮಣ್ಣಿನೊಳಗೇ ಹರಿದು ಕಸದ ಬುಡ ಕೊಯ್ಯುತ್ತದೆ. ಮತ್ತೆ ಮಳೆ, ಮತ್ತೆ ಕಸ, ಮತ್ತೆ ಕುಂಟೆ. ಗಣಪತಿ ಹಬ್ಬ ಮುಗಿದು ಬಿತ್ತುವ ಹೊತ್ತಿಗೆ ನೆಲದೊಳಗಿನ ಬೀಜಗಳು ಹುಟ್ಟಿ ಹುಟ್ಟಿ ಸುಸ್ತಾಗಿರುತ್ತವೆ. ಈಗ ಬಹಳ ಜನ ಮಳೆಗಾಲಕ್ಕೂ ಸೋಯಾಬೀನ್ ಹಾಕುತ್ತಾರೆ, ಎತ್ತು ಮಾರಿದ್ದಾರೆ, ಕಸಕ್ಕೆ ಔಷಧ ಹೊಡೆಯುತ್ತಾರೆ. ಅವರವರ ಹೊಲ, ಅವರವರ ಇಷ್ಟ. ನಾನು ಎತ್ತು ಮಾರಿಲ್ಲ.

ಹೊಲ ನನ್ನೊಬ್ಬನದಲ್ಲ, ಅಣ್ಣನದೂ ಹೌದು. ಅಣ್ಣ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಟಾಯರ್ ಅಂಗಡಿ ಇಟ್ಟಿದ್ದಾನೆ. ಮಾಡುವವನು ನಾನು, ಬಂದ ಜೋಳದಲ್ಲಿ, ದನದ ಮೇವಿನ ಕಣಿಕೆಯಲ್ಲಿ ಅವನ ಪಾಲು ಅವನಿಗೆ. ರವಿವಾರ ಮೋಟರ್‌ಸೈಕಲ್ ಮೇಲೆ ಬಂದು ಬದುವಿನ ಮೇಲೆ ನಿಂತು ತಪ್ಪು ಹುಡುಕುತ್ತಾನೆ. ಹಿರಿಯನ ಹಕ್ಕು ಅದು, ನಾನು ಬೇಡ ಎಂದವನಲ್ಲ.

ಈ ಹೊಲಕ್ಕೆ ಬೇಕಾದ ಇನ್ನೊಬ್ಬ ಮನುಷ್ಯ ಕುರಿಗಾರ ಮಾಮಾ. ಮಂದ್ರೂಪದ ಆಚೆಯವನು, ಬೀರೋಬಾ ದೇವರ ಭಕ್ತ, ಹಣೆಯ ತುಂಬ ಅರಿಷಿಣದ ಭಂಡಾರ. ನಮಗೂ ಅವನಿಗೂ ನೆಂಟಸ್ತನವಿಲ್ಲ. ನಾನು ಮಾಮಾ ಎಂದು, ಅವನು ಅಳಿಯಾ ಎಂದು ಕರೆದು ಕರೆದು ಆದ ನೆಂಟಸ್ತನ. ಜೋಳದ ರಾಶಿ ಮುಗಿದ ಮೇಲೆ ಪ್ರತಿ ಬೇಸಿಗೆ ಅವನ ಕುರಿ ನಮ್ಮ ಹೊಲದಲ್ಲಿ ಹಟ್ಟಿ ಹಾಕುತ್ತವೆ. ಗೂಟ ಬಡಿದು, ಬಲೆ ಕಟ್ಟಿ, ಚೌಕ ಮಾಡಿ ಸಂಜೆ ಅದರೊಳಗೆ ಕುರಿ ಕೂಡುವುದು. ಮುಂಜಾನೆ ಬಲೆ ಪಕ್ಕಕ್ಕೆ ಸರಿಸುವುದು. ಸರಿಸುತ್ತ ಸರಿಸುತ್ತ ಇಡೀ ಹೊಲಕ್ಕೆ ಹಿಕ್ಕೆ ಬೀಳುತ್ತದೆ. ನಮ್ಮ ಜೋಳ ನಿಂತಿರುವುದು ಆ ಹಿಕ್ಕೆಯ ಮೇಲೆ. ಚೀಲದ ಗೊಬ್ಬರಕ್ಕೆ ನಾನು ಕೈ ಹಾಕಿದ್ದು ಬಹಳ ಕಡಿಮೆ.

ಆ ವರ್ಷ ಬಿಸಿಲು ಬೇಗ ಬಿದ್ದು ಸೀನಾ ನದಿಯ ದಂಡೆಯಲ್ಲಿ ಹುಲ್ಲು ಒಣಗಿತ್ತು. ಹಸಿರು ಉಳಿದದ್ದು ಪೀಕಜಾಲಿ ಮಾತ್ರ. ಮರಾಠಿಯವರು ವೇಡಿ ಬಾಭಳ, ಅಂದರೆ ಹುಚ್ಚು ಜಾಲಿ ಎನ್ನುತ್ತಾರಲ್ಲ, ಅದೇ ಮುಳ್ಳುಗಿಡ. ಅದರ ಹಳದಿ ಕಾಯಿ ಸಿಹಿ. ಮಾಮಾ ದಾರಿಯುದ್ದಕ್ಕೂ ಆ ಕಾಯಿ ಉದುರಿಸಿ ಕುರಿಗೆ ತಿನ್ನಿಸಿಕೊಂಡು ಬಂದಿದ್ದ. ಕುರಿ ಮೈತುಂಬಿಕೊಂಡಿದ್ದವು.

“ನೋಡೋ ಅಳಿಯಾ, ಇಂಥಾ ಬಿಸಲಾಗೂ ನನ್ನ ಕುರಿ ಹೆಂಗ ಮಿಂಚಾಕತ್ತಾವ” ಎಂದ. ನಾನೂ ಮೆಚ್ಚಿದೆ. ಹಿಕ್ಕೆ ಭರ್ತಿ ಬಿದ್ದವು ಎಂದು ಖುಷಿಯೂ ಪಟ್ಟೆ.

ಮಿರಗದ, ಅಂದರೆ ಮೃಗಶಿರೆಯ ಮಳೆ ಬಿತ್ತು. ಕೆಲವು ದಿನ ಬಿಟ್ಟು ನನ್ನ ಹೆಂಡತಿ ಪಲ್ಯ ನೋಡಲೆಂದು ಹೊಲದೊಳಗೆ ಹೋದವಳು ಅಲ್ಲಿಂದಲೇ ಕೂಗಿದಳು.

“ಏನ್ರಿ, ಇಲ್ಲಿ ಬರ್ರಿ. ಯಾರರೆ ಬಂದು ನಮ್ಮ ಹೊಲಾ ಬಿತ್ತಿ ಹೋಗ್ಯಾರೇನು?”

ಹೋಗಿ ನೋಡಿದೆ. ಬಿತ್ತಿದ ಹಾಗೆಯೇ ಇತ್ತು, ಆದರೆ ಸಾಲಿನಲ್ಲಲ್ಲ, ಚೌಕ ಚೌಕವಾಗಿ. ಬಲೆ ಎಲ್ಲೆಲ್ಲಿ ಕಟ್ಟಿದ್ದೆವೋ ಅಲ್ಲೆಲ್ಲ ಎರಡೆಲೆಯ ಸಸಿ, ಮೆಂತೆ ಮಡಿಯ ಹಾಗೆ ಒತ್ತಾಗಿ ಎದ್ದಿತ್ತು. ಚೌಕದ ಹೊರಗೆ ಬರೀ ಕರಿ ಮಣ್ಣು. ಮಣ್ಣಲ್ಲಿ ಅರ್ಧ ಹುದುಗಿದ್ದ ಒಂದು ಹಿಕ್ಕೆ ಎತ್ತಿ ಬೆರಳಲ್ಲಿ ಒಡೆದೆ. ಒಳಗೆ ಕಂದು ಬಣ್ಣದ ಬೀಜ. ಕುರಿಯ ಹಲ್ಲು, ಹೊಟ್ಟೆ ಎಲ್ಲ ದಾಟಿ ಬಂದರೂ ಅದಕ್ಕೊಂದು ಗಾಯವಿರಲಿಲ್ಲ. ತುದಿಯಲ್ಲಿ ಬಿಳಿ ಮೊಳಕೆ ಇಣುಕುತ್ತಿತ್ತು.

“ಪೀಕಜಾಲಿ” ಎಂದೆ.

ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು. “ಹಂಗಾದ್ರ ಜ್ವಾಳಾ ಕೀಳಾಕ ಯಾರ್ ಬರ್ತಾರ? ಕೈ ಹಾಕಿದಲ್ಲೆಲ್ಲಾ ಮುಳ್ಳ ಇದ್ರ ಹೆಣ್ಮಕ್ಕಳು ನಮ್ಮ ಬದು ಹತ್ತಂಗಿಲ್ಲ ನೋಡ್ರಿ.”

ಅವಳು ಹೇಳಿದ್ದು ಖರೆ. ಹಿಂಗಾರಿ ಜೋಳವನ್ನು ನಾವು ಕುಡಗೋಲಿನಿಂದ ಕೊಯ್ಯುವುದಿಲ್ಲ. ಬಗ್ಗಿ, ಬುಡಕ್ಕೆ ಎರಡೂ ಕೈ ಹಾಕಿ, ಬೇರುಸಹಿತ ಕೀಳುತ್ತೇವೆ. ಮುಳ್ಳಿನ ಹೊಲ ಎಂದು ಒಮ್ಮೆ ಹೆಸರು ಬಿದ್ದರೆ ಕೀಳುವ ಹೆಂಗಸರ ಗುಂಪು ಆ ಹೊಲದ ದಾರಿಯನ್ನೇ ಬಿಡುತ್ತದೆ.

ಮಾಮಾ ಆಗಲೇ ಕುರಿ ಹೊಡೆದುಕೊಂಡು ಪಡುವಣ ದಿಕ್ಕಿಗೆ ಹೋಗಿದ್ದ. ಫೋನ್ ಹಚ್ಚಿದೆ.

“ಮಾಮಾ, ನಿನ್ನ ಕುರಿ ನನ್ನ ಹೊಲದಾಗ ಜಾಲಿ ಬಿತ್ಯಾವ.”

“ಏ ಹುಚ್ಚಪ್ಪಾ, ಕುರಿ ಬಿತ್ತೂದು ಕಲ್ತಿದ್ರ ನಾ ಯಾಕ ಅಡವ್ಯಾಗ ತಿರಗತಿದ್ದೆ? ಅವುಕ ಕೂರಿಗಿ ಕೊಟ್ಟು ಮನ್ಯಾಗ ಕುಂದರತಿದ್ದೆ.”

“ಚಾಷ್ಟಿ ಅಲ್ಲ. ಹಿಕ್ಕ್ಯಾಗ ಬೀಜ ಅದಾವ. ಒಡದು ನೋಡೀನಿ.”

ಮಾಮಾನ ನಗೆಚಾಟಿಕೆ ಅಲ್ಲಿಗೆ ನಿಂತಿತು. ಆಮೇಲೆ ಅಂದ: “ಬೀರೋಬಾನ ಆಣಿ, ಹೀಂಗ ಆಗ್ತೈತಂತ ನನಗ ಗೊತ್ತಿದ್ದಿಲ್ಲಪಾ. ಎಲ್ಲಾರೂ ತಿನಸ್ತಾರ, ನಾನೂ ತಿನಿಸಿದ್ನಿ.” ಮತ್ತೆ ತಾನೇ ಕೇಳಿದ: “ಅಂದ್ರ ಮುಂದಿನ ಬ್ಯಾಸಗಿಗಿ ನಾ ಬರಬಾರದೇನು?”

“ಹಂಗ ನಾ ಅಂದೀನೇನು?”

“ನೀ ಅನ್ನಂಗಿಲ್ಲ. ನಿಮ್ಮಣ್ಣ ಅಂತಾನ.”

ಅಣ್ಣ ಅಂದೇ ಅಂದ. ರವಿವಾರ ಬಂದವನು ಮೋಟರ್‌ಸೈಕಲ್ಲಿನ ಹಿಂದೆ ಬೆನ್ನಿಗೆ ಹಾಕಿಕೊಳ್ಳುವ ಪಂಪು, ಕೈಚೀಲದಲ್ಲಿ ಔಷಧದ ಬಾಟಲಿ ತಂದಿದ್ದ. ನನ್ನ ಹೆಂಡತಿ ಫೋನಿನಲ್ಲಿ ಅಣ್ಣನ ಹೆಂಡತಿ ವೈನಿಗೆ ಹೇಳಿದ್ದಳು, ವೈನಿ ಅವನಿಗೆ ಹೇಳಿದ್ದಳು. ಬದುವಿನ ಮೇಲೆ ನಿಂತು ಚೌಕಗಳನ್ನು ನೋಡಿದ.

“ಇದೇನೋ? ಹೊಲಾ ಮಾಡೀದ್ಯೋ, ಅಡವಿ ಮಾಡೀದ್ಯೋ?”

“ತಗೀತೀನಿ.”

“ಏನ್ ತಗೀತಿ? ಹಲ್ಲಿಲೆ ಕಡದು ತಗೀತ್ಯಾ? ತಣನಾಶಕ ತಂದೀನಿ, ಇವತ್ತ ಹೊಡಿ. ನಾಕ ದಿನದಾಗ ಹಳದಿ ಆಗಿ ಮಲಗ್ತಾವ. ಮತ್ತ ಆ ಕುರಿ ಇನ್ನ ಈ ಹೊಲಕ್ಕ ಕಾಲಿಡಬಾರದು. ಫುಕಟ ಗೊಬ್ಬರಕ್ಕ ಆಸೆ ಬಿದ್ದು ಹೊಲದ ನುಕಸಾನ ಮಾಡಿದಿ.”

ಕಳೆನಾಶಕಕ್ಕೆ ಶಕ್ತಿಯಿಲ್ಲ ಎಂದು ನಾನು ಹೇಳಲಿಲ್ಲ. ಇದೆ. ಎದ್ದು ನಿಂತದ್ದನ್ನು ಅದು ಕೆಡವುತ್ತದೆ. ಆದರೆ ಎದ್ದದ್ದು ಕೆಲವು, ಒಳಗೆ ಮಲಗಿದ್ದು ಎಷ್ಟೋ. ಮುಂದಿನ ಮಳೆಗೆ ಅವು ಏಳುತ್ತವೆ, ಮತ್ತೆ ಬಾಟಲಿ ತರಬೇಕು. ಹೊಲದ ಇಳಿಜಾರಿನಲ್ಲಿ ನಾವು ಕುಡಿಯುವ ನೀರಿನ ಬಾವಿ ಇದೆ. ಔಷಧ ಹೊಡೆದ ನೆಲದಲ್ಲಿ ಮಾಮಾ ತನ್ನ ಗಬ್ಬದ ಕುರಿ ಮಲಗಿಸುವುದಿಲ್ಲ, ಅದನ್ನು ಅವನು ಮೊದಲೇ ಹೇಳಿದ್ದಾನೆ. ಕುರಿ ನಿಂತರೆ ಹಿಕ್ಕೆ ನಿಂತಿತು, ಹಿಕ್ಕೆ ನಿಂತರೆ ಚೀಲ ಬಂತು. ಒಂದರ ಬಾಲ ಹಿಡಿದು ಇನ್ನೊಂದು. ಇದನ್ನೆಲ್ಲ ನನಗೆ ತಿಳಿದಷ್ಟು ಅಣ್ಣನಿಗೆ ಹೇಳಿದೆ.

“ಅಂದ್ರ ಕುರಿನೂ ಬೇಕು, ಹೊಲಾನೂ ಸ್ವಚ್ಛ ಬೇಕು?”

“ಹೌದು. ಎರಡೂ ಬೇಕು.”

ಅಣ್ಣ ನನ್ನ ಮುಖ ನೋಡಿದ. ಹಟ ನಮ್ಮ ಮನೆಯಲ್ಲಿ ಎಲ್ಲರಿಗೂ ಸಮಪಾಲು ಬಂದಿದೆ.

“ಆತು. ಎಳ್ಳಮಾಸಿಗಿ ಚರಗಾ ಚೆಲ್ಲಾಂವ ನಾನು. ಬರಿಗಾಲಿಲೆ ಹೊಲಾ ಪೂರಾ ತಿರಗತೀನಿ, ಬದು ಹಿಡದು ಅಲ್ಲ, ನಡುವ ಹಾದು. ಒಂದ ಮುಳ್ಳು ನನ್ನ ಕಾಲಿಗಿ ನಟ್ಟ್ರೂ ಕುರಿ ಬಂದ್. ಪಂಪ ನಾನ ಹೊತ್ಕೊಂಡು ಹೊಡಿತೀನಿ. ನೀ ಎರಡನೇ ಮಾತ ಆಡಬಾರದು.”

“ಆಡಂಗಿಲ್ಲ” ಎಂದೆ.

ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಅಲ್ಲೇ ಉಣ್ಣುತ್ತೇವೆ. ಉಣ್ಣುವ ಮೊದಲು ಮನೆಯ ಹಿರಿಯ ಎಲ್ಲ ಅಡಿಗೆಯನ್ನೂ ಕಲಸಿಕೊಂಡು, ಚಪ್ಪಲಿ ಬಿಟ್ಟು, ನಿಂತ ಬೆಳೆಯ ನಡುವೆ ಚೆಲ್ಲುತ್ತ ಹೋಗಬೇಕು. ಭೂಮಿಗೆ ಉಣಿಸುವುದು ಅದು. ಚರಗ ಎನ್ನುತ್ತೇವೆ. ಚರಗ ಚೆಲ್ಲುವವನು ಕಾಲಿಗೆ ಏನೂ ಹಾಕುವಂತಿಲ್ಲ.

ಅಣ್ಣ ಪಂಪನ್ನು ನಮ್ಮ ದನದ ಕೊಟ್ಟಿಗೆಯಲ್ಲಿ ಗೂಟಕ್ಕೆ ತಗುಲಿಸಿ ಹೋದ. “ಇಲ್ಲೇ ಇರ್ಲಿ. ಬೇಕಾಗ್ತೈತಿ.”

ಮರುದಿನವೇ ಕುಂಟೆ ಹೂಡಿದೆ. ಸಂಜೆಗೆ ಚೌಕಗಳೆಲ್ಲ ಅಳಿಸಿ ಹೋದವು. ಸಸಿಗಳು ತಲೆಕೆಳಗಾಗಿ ಬಿದ್ದು ಬಾಡಿದವು. ಇಷ್ಟೇ ತಾನೇ ಎಂದುಕೊಂಡೆ. ಇನ್ನೊಂದು ಮಳೆ ಬಂತು. ಬಾಡಿದ್ದು ಬಾಡಿಯೇ ಇತ್ತು, ಆದರೆ ಕೊಯ್ದ ಬುಡಗಳು ಒಂದಿದ್ದಲ್ಲಿ ಎರಡೆರಡು ಚಿಗುರು ಒಡೆದು ಮೇಲೆ ಬಂದವು. ಬೇರೆ ಕಸ ಹೀಗೆ ಮಾಡುವುದಿಲ್ಲ. ಒಂದನ್ನು ಅಗೆದು ನೋಡಿದೆ. ಮೊದಲ ಎರಡೆಲೆ ಹುಟ್ಟಿದ ಗಂಟಿಗಿಂತ ಮೇಲೆ ನನ್ನ ಅಲಗು ಹರಿದಿತ್ತು. ಗಂಟು ಮಣ್ಣಲ್ಲೇ ಉಳಿದಿತ್ತು, ಚಿಗುರು ಅದರಿಂದಲೇ ಬಂದಿತ್ತು. ಅದನ್ನು ಕೆಳಗಿಂದ ಕೊಯ್ಯದೆ ಮೇಲಿಂದ ಎಷ್ಟು ಸಲ ಕೊಯ್ದರೂ ನಾನು ಗಿಡ ಸವರಿ ಬೆಳೆಸಿದಂತೆಯೇ ಸೈ.

ಅಲಗನ್ನು ಅಕ್ಕಲಕೋಟೆಗೆ ಒಯ್ದು ಕಮ್ಮಾರನ ಹತ್ತಿರ ಬಡಿಸಿ ಹರಿತ ಮಾಡಿಸಿಕೊಂಡು ಬಂದೆ. ಕುಂಟೆಯ ದಿಂಡಿನ ಮೇಲೆ ಕಲ್ಲು ಹೇರಿ ಕಟ್ಟಿದೆ. ಅಲಗು ನಾಲ್ಕು ಬೆರಳು ಕೆಳಗೆ ಇಳಿಯಿತು. ಎತ್ತುಗಳಿಗೆ ಜಗ್ಗುವುದು ಕಷ್ಟವಾಯಿತು. ಅರ್ಧ ದಿನ ಹೂಡುವುದು, ಅರ್ಧ ದಿನ ಬಿಡುವುದು ಮಾಡಿದೆ. ಬಿಟ್ಟ ಹೊತ್ತಿನಲ್ಲಿ ಎತ್ತು ನೆರಳಿಗೆ, ನಾನು ಕುರ್ಪಿ ಹಿಡಿದು ಹೊಲಕ್ಕೆ. ಕುಂಟೆ ತಿರುಗುವ ಮೂಲೆಗಳಲ್ಲಿ, ಬದುವಿನ ಬುಡದಲ್ಲಿ ಅಲಗು ಮುಟ್ಟುವುದಿಲ್ಲ. ಅಲ್ಲಿ ನಾನೂ ಹೆಂಡತಿಯೂ ಕೂತು ಒಂದೊಂದೇ ಕಿತ್ತೆವು.

ಕೀಳುವ ಹದ ಕಂಡುಹಿಡಿದವಳು ಅವಳು. ಮಳೆ ನಿಂತ ಮಾರನೆಯ ದಿನ, ನೆಲ ಕಾಲಿಗೆ ಅಂಟದೆ ಕೈಗೆ ಮೆತ್ತಗಿರುವಾಗ, ಸಸಿ ಎಳೆದರೆ ಬೇರು ದಾರದ ಹಾಗೆ ಬಂದುಬಿಡುತ್ತದೆ. ಒಂದು ವಾರ ತಡವಾದರೆ ಬೇರು ಕೆಳಗೆ ಹೋಗಿ ಕೂತುಬಿಡುತ್ತದೆ. ಎಳೆದರೆ ತುಂಡಾಗುತ್ತದೆ, ಕೈಯೂ ಹರಿಯುತ್ತದೆ. “ಹಲ್ಲ ಬರೂದ್ರಾಗ ಕೀಳಬೇಕ್ರಿ, ಹಲ್ಲ ಬಂದ ಮ್ಯಾಲ ಕಡೀತಾವ” ಎನ್ನುತ್ತ ಅವಳು ಮಳೆಯ ಮಾರನೆಯ ದಿನ ಬುತ್ತಿ ಕಟ್ಟಿಕೊಂಡು ನನಗಿಂತ ಮೊದಲು ಹೊರಟು ನಿಲ್ಲುತ್ತಿದ್ದಳು.

ಪಕ್ಕದ ಹೊಲದವನು ಸೋಯಾಬೀನಿಗೆ ಔಷಧ ಹೊಡೆದು ಮುಗಿಸಿ, ಕೈ ತೊಳೆದು, ನನ್ನ ಬದುವಿಗೆ ಬಂದು ನಿಲ್ಲುತ್ತಿದ್ದ.

“ಏನೋ ಕಾಕಾ, ನಿನ್ನ ಹೊಲದಾಗ ಮಳಿಗಿಂತ ಕುಂಟಿ ಜಾಸ್ತಿ ಆಗಾಕತ್ತಾವಲ್ಲೋ. ಮಣ್ಣು ಸವದು ಹೋದೀತು.”

“ಸವದ್ರ ನಿನ್ನ ಹೊಲದ್ದು ಒಂದು ಬುಟ್ಟಿ ತರ್ತೀನಿ.”

“ಒಯ್ಯಿ. ಖರೆ ಅದರಾಗ ಜಾಲಿ ಇಲ್ಲ, ನಿನಗ ಬ್ಯಾಸರ ಆಗ್ತೈತಿ ನೋಡು.”

ನಗು ಬಂತು, ನಕ್ಕೆ. ಆದರೆ ಎತ್ತು ನಿಲ್ಲಿಸಲಿಲ್ಲ.

ಶ್ರಾವಣದಲ್ಲಿ ಎಡಗಡೆಯ ಎತ್ತು ಕುಂಟತೊಡಗಿತು. ಗೊರಸಿನ ಸಂದಿಯಲ್ಲಿ ಮುಳ್ಳು ಮುರಿದು ಒಳಗೆ ಕೂತಿತ್ತು. ತೆಗೆದು ಅರಿಷಿಣ ಎಣ್ಣೆ ಕಟ್ಟಿದೆ. ಅದು ಕೊಟ್ಟಿಗೆಯಲ್ಲಿ ಮಲಗಿದಷ್ಟು ದಿನವೂ ಅದರ ನೆತ್ತಿಯ ಮೇಲೆ ಅಣ್ಣನ ಪಂಪು ನೇತಾಡುತ್ತಿತ್ತು. ಹೊರಗೆ ಜಿನುಗು ಮಳೆ, ಹೊಲದಲ್ಲಿ ಮತ್ತೊಂದು ಹುಟ್ಟು ಏಳುತ್ತಿತ್ತು. ಒಂದು ಗಳಿಗೆ ಕೈ ಪಂಪಿನ ಕಡೆ ಹೋಗಬೇಕೆನ್ನಿಸಿದ್ದು ಸುಳ್ಳಲ್ಲ. ಹೋಗಲಿಲ್ಲ. ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು, ಮೊಣಕಾಲೂರಿ, ಹಟ್ಟಿ ಬಿದ್ದ ಒಂದೊಂದು ಜಾಗವನ್ನೂ ಕೈಯಿಂದಲೇ ಮಾಡಿದೆ. ಎತ್ತು ಎದ್ದು ನಿಂತ ಮೇಲೆ ಮತ್ತೆ ಹೂಡಿದೆ. ಪ್ರತಿ ಮಳೆಗೂ ಹುಟ್ಟು ತೆಳ್ಳಗಾಗುತ್ತ ಬಂತು. ಬಿತ್ತುವ ಮೊದಲಿನ ಕುಂಟೆಗೆ ಹುಡುಕಿದರೆ ಅಲ್ಲೊಂದು ಇಲ್ಲೊಂದು.

ಬಿತ್ತುವಾಗ ಕೂರಿಗೆಯ ಸಾಲು ಅಗಲ ಇಟ್ಟೆ, ಸಾಲಿನ ನಡುವೆ ಎಡೆಕುಂಟೆ ಸಲೀಸಾಗಿ ಹಾಯಲಿ ಎಂದು. ಜೋಳ ಮೊಣಕಾಲಿಗೆ ಬರುವವರೆಗೆ ಎಡೆ ಹೊಡೆದೆ. ಆಮೇಲೆ ಜೋಳವೇ ನೆರಳು ಮಾಡಿ ನೆಲವನ್ನು ಮುಚ್ಚಿತು. ಮಾಮಾನ ಕುರಿಗಳ ಹಿಕ್ಕೆಯ ಕಸುವು ಅದರ ಎಲೆಯಲ್ಲಿ ಕಾಣುತ್ತಿತ್ತು.

ಎಳ್ಳಮಾಸಿ ಬಂತು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಬುಟ್ಟಿಯಲ್ಲಿ ಹೊತ್ತು ಹೋದೆವು. ಅಣ್ಣ ಸಂಸಾರ ಸಮೇತ ಬಂದಿದ್ದ. ಬದುವಿನ ಮೇಲೆ ಕೂತು ಬೂಟು ಬಿಚ್ಚಿದ, ಸಾಕ್ಸ್ ಬಿಚ್ಚಿದ. ಸಿಮೆಂಟಿನ ಮೇಲೆ ಓಡಾಡಿದ ಅವನ ಕಾಲು ಬಿಳಿ ಸುಣ್ಣದ ಹಾಗಿದ್ದವು.

ನನ್ನ ಹೆಂಡತಿ ಸುಮ್ಮನಿರಲಿಲ್ಲ. “ಭಾವಾರ, ಪ್ಯಾಟಿ ಕಾಲ ಅವು. ಹೆಂಟಿ ಒತ್ತಿದ್ರ ಮುಳ್ಳ ಅಂತ ಒದರಬ್ಯಾಡ್ರಿ ಮತ್ತ.”

“ಹೆಂಟಿ ಯಾವುದು ಮುಳ್ಳ ಯಾವುದು ತಿಳೀತೈತವಾ ನನಗ. ನಾನೂ ಈ ಹೊಲದಾಗ ಹುಟ್ಟಿದಾಂವ.”

ಚರಗದ ಬುಟ್ಟಿ ಹಿಡಿದು ಅವನು ಮುಂದೆ, ನೀರಿನ ತಂಬಿಗೆ ಹಿಡಿದು ನಾನು ಹಿಂದೆ. “ಹುಲ್ಲುಲ್ಲಿಗೋ” ಎಂದು ಕೂಗುತ್ತ ಅವನು ಚೆಲ್ಲಿದ. ಬದು ಹಿಡಿದು ಹೋಗಲಿಲ್ಲ. ಹಟ್ಟಿ ಎಲ್ಲೆಲ್ಲಿ ಬಿದ್ದಿತ್ತೋ ಅದನ್ನು ನೆನಪಿಟ್ಟುಕೊಂಡಿದ್ದ. ಬೇಕೆಂದೇ ಅಲ್ಲೇ ಹಾದ. ಅವನ ಹಿಮ್ಮಡಿ ನೋಡುತ್ತ ನಡೆದೆ.

ಹೊಲದ ನಟ್ಟನಡುವೆ ಅವನು ನಿಂತ. ಬಗ್ಗಿದ. ಜೋಳದ ದಂಟಿಗೆ ಅಂಟಿಕೊಂಡು, ಎಲೆಯ ಮರೆಯಲ್ಲಿ, ಗೇಣುದ್ದದ ಒಂದು ಜಾಲಿ. ಅಣ್ಣ ಬುಡಕ್ಕೆ ಕೈ ಹಾಕಿ, ಆ ಕಡೆ ಈ ಕಡೆ ಅಲುಗಿಸಿ, ನಿಧಾನ ಎಳೆದ. ಬೇರು ತುಂಡಾಗದೆ ಬಂತು. ಅದನ್ನು ಹಿಡಿದುಕೊಂಡೇ ಉಳಿದ ಹೊಲ ಸುತ್ತಿದ. ತಿರುಗಿ ಬಂದು ಊಟದ ಕಂಬಳಿಯ ಅಂಚಿಗೆ ಒಗೆದ.

“ಇದೇನು?”

“ಜಾಲಿ” ಎಂದೆ.

“ನಟ್ಟಿಲ್ಲ, ಖರೆ. ನಾ ನೋಡ್ದಿದ್ರ ನಡತಿತ್ತು.”

“ಮಾತು ಏನಿತ್ತು?”

“ನಟ್ಟ್ರ ಅಂತಿತ್ತು.” ಕಾಲು ಮಡಚಿ ಕೂತು ಅಂಗಾಲು ತಿರುವಿ ನೋಡಿಕೊಂಡ, ಮಣ್ಣು ಒರೆಸಿದ. “ನಟ್ಟಿಲ್ಲ. ಕುರಿ ಬರ್ಲಿ. ನಾ ಮಾತ ತಪ್ಪಾಂವ ಅಲ್ಲ. ಖರೆ ಒಂದು ಕೇಳ್ತೀನಿ, ಹೇಳು. ಬ್ಯಾಸಗ್ಯಾಗ ಆ ಮಾಮಾ ಮತ್ತ ಇಷ್ಟ ಬೀಜ ತಂದು ಸುರವಿದಾ ಅಂದ್ರ? ಮತ್ತ ಹೀಂಗ ಮೊಣಕಾಲ ಊರಿ ಕುಂದರತೀಯೇನು? ಎತ್ತಿಗಿ ವಯಸ್ಸ ಆಗೈತಿ. ನಿನಗೂ ಆಗೈತಿ.”

ಗೆದ್ದಿದ್ದೆ. ಆದರೆ ಅವನು ಕೇಳಿದ್ದೂ ಖರೆ. ಒಂದು ವರ್ಷದ ಬೀಜವನ್ನು ಹುಟ್ಟಿಸಿ ಕೊಲ್ಲಬಹುದು. ವರ್ಷಾ ವರ್ಷಾ ಹೊಸದು ಬರುತ್ತಿದ್ದರೆ ಕೊಲ್ಲುತ್ತ ಕೂರುವುದು ಬುದ್ಧಿಯಲ್ಲ. ಬೀಜ ಹೊಲದೊಳಗೆ ಬರದಂತೆ ಬಾಗಿಲಲ್ಲೇ ತಡೆಯಬೇಕು. ಬಾಗಿಲು ಎಂದರೆ ಕುರಿಯ ಹೊಟ್ಟೆ.

ಜೋಳ ಕೀಳುವ ಹೆಂಗಸರು ಬಂದರು, ಕಿತ್ತರು, ಕೈಗೆ ಅರಿವೆ ಸುತ್ತಿಕೊಂಡು ಬಂದವರು ಎರಡನೆಯ ದಿನ ಬಿಚ್ಚಿ ಸೊಂಟಕ್ಕೆ ಸಿಗಿಸಿಕೊಂಡರು. ರಾಶಿ ಆಯಿತು. ಅಷ್ಟರಲ್ಲಿ ನಾನು ಜಾಗ ಗೊತ್ತುಮಾಡಿದ್ದೆ. ಹೊಲದ ಮೇಲ್ಗಡೆ ರಸ್ತೆಗೆ ಹತ್ತಿ ನಮ್ಮದೇ ಒಂದು ತುಂಡು ಮರಡಿ ಇದೆ. ಬರೀ ಕಲ್ಲು, ಏನೂ ಬೆಳೆಯುವುದಿಲ್ಲ. ಕುರಿ ಬಂದರೆ ಮೊದಲು ಅಲ್ಲಿ ನಿಲ್ಲಬೇಕು. ತಿಂದ ಕಾಯಿಯ ಬೀಜ ಹೊಟ್ಟೆಯಿಂದ ಪೂರಾ ಹೋಗುವವರೆಗೆ ಅಲ್ಲೇ ಕಣಿಕೆ ತಿನ್ನಬೇಕು. ಅಲ್ಲಿ ಏನೇ ಹುಟ್ಟಿದರೂ ಒಂದು ಚೂರು ಜಾಗ, ನಾನು ನೋಡಿಕೊಳ್ಳಬಲ್ಲೆ. ಫೋನಿನಲ್ಲಿ ಮಾಮಾನಿಗೆ ಹೇಳಿದೆ. ಅವನು ಹೋ ಎಂದು ನಕ್ಕು ಫೋನ್ ಇಟ್ಟ.

ಒಂದು ಸಂಜೆ ಬಂದ. ಕುರಿಗಳಿಗೆ ನಮ್ಮ ಹೊಲ ಗುರುತು. ಧೂಳೆಬ್ಬಿಸಿಕೊಂಡು ನೇರ ಬದುವಿನ ಕಂಡಿಗೆ ನುಗ್ಗಿದವು. ನಾನು ಕಂಡಿಗೆ ಅಡ್ಡ ಬಡಿಗೆ ಹಿಡಿದು ನಿಂತೆ.

“ಏ ಅಳಿಯಾ, ಸರಿಯೋ ಆ ಕಡೆ.”

“ಮರಡಿ ಮ್ಯಾಲ ಹಾಕು ಮಾಮಾ ಹಟ್ಟಿ. ಎಂಟ ದಿನ.”

“ಫೋನಿನ್ಯಾಗ ಚಾಷ್ಟಿ ಮಾಡಾಕತ್ತಾನ ಅಂದ್ಕೊಂಡಿದ್ನಿ. ನನ್ನ ಕುರಿಗಿ ಏನ್ ರೋಗ ಬಂದೈತೇನು, ಊರ ಹೊರಗ ಇಡಾಕ?”

“ದಾರ್ಯಾಗ ಕಾಯಿ ತಿಂದಾವೋ ಇಲ್ಲೋ?”

“ನಾ ಉದರಿಸಿಲ್ಲ. ಬಿದ್ದದ್ದು ತಿಂದಾವ. ಕುರಿ ಬಾಯಿಗಿ ಕೀಲಿ ಹಾಕ್ಲೇನು?”

“ಹಂಗಾದ್ರ ಮರಡಿ.”

ಅವನ ಮುಖ ಕೆಂಪಾಯಿತು. “ಕಲ್ಲಿನ ಮ್ಯಾಲ ಏನ್ ತಿಂತಾವೋ, ನಿನ್ನ ತಲೀ? ಮೂರ ಊರಾಗಿನವರು ಬಾ ಬಾ ಅಂತ ಕರೀತಾರ ನನ್ನ. ಹೊಂಟೆ ನೋಡು.”

ಹೋಗು ಎನ್ನಲು ನನಗೆ ಬಾಯಿ ಬರಲಿಲ್ಲ. ಸರಿಯಲೂ ಇಲ್ಲ. ಈ ಕುರಿ ಈ ಹೊಲಕ್ಕೆ ಬರಲಿ ಎಂದು ಇಡೀ ಮಳೆಗಾಲ ಮಣ್ಣಲ್ಲಿ ತೆವಳಿದವನು ನಾನು. ಈಗ ಬಂದ ಕುರಿಗೆ ಅಡ್ಡ ನಿಂತವನೂ ನಾನೇ. ಮುಂದಿನ ಟಗರು ನನ್ನ ತೊಡೆಗೆ ತಲೆ ಕೊಟ್ಟು ನೂಕುತ್ತಿತ್ತು. ಮಾಮಾ ಸಿಳ್ಳೆ ಹಾಕಿ ಹಿಂಡನ್ನು ರಸ್ತೆಯ ಕಡೆ ತಿರುಗಿಸತೊಡಗಿದ. ಹಿಂದಿನ ಕುರಿಗಳು ಆಗಲೇ ತಿರುಗಿದ್ದವು.

ಅಷ್ಟರಲ್ಲಿ ಊರ ಕಡೆಯಿಂದ ನನ್ನದೇ ಎತ್ತಿನ ಬಂಡಿ ಬಂತು. ಮೇಲೆ ಕಣಿಕೆಯ ಸಿವುಡು ಒಟ್ಟಿತ್ತು. ನೊಗದ ಹತ್ತಿರ ಕೂತು ಹೊಡೆಯುತ್ತಿದ್ದವನು ಅಣ್ಣ. ಆ ದಿನ ತನ್ನ ಪಾಲಿನ ಕಣಿಕೆ ಮಾರಲೆಂದು ಬಂದಿದ್ದ. ಮಾಮಾ ಬಂದ ಸುದ್ದಿಯನ್ನೂ ಮರಡಿಯ ಲೆಕ್ಕವನ್ನೂ ನನ್ನ ಹೆಂಡತಿ ಹೇಳಿದ್ದಳಂತೆ. ಯಾರ ಮುಖವನ್ನೂ ನೋಡದೆ ಬಂಡಿಯನ್ನು ಮರಡಿಗೆ ಹತ್ತಿಸಿ, ಸಿವುಡು ಎತ್ತೆತ್ತಿ ಕಲ್ಲಿನ ಮೇಲೆ ಒಗೆಯತೊಡಗಿದ.

“ಏನ್ ನೋಡ್ತಿ ಮಾಮಾ?” ಎಂದ ಒಗೆಯುತ್ತಲೇ. “ಉಪಾಸ ಕೆಡವಿದ್ರ ಹಿಕ್ಕಿ ಎಲ್ಲಿಂದ ಬರ್ತಾವ? ಬಲಿ ಬಿಚ್ಚು.”

ಮಾಮಾ ಉತ್ತರ ಕೊಡುವ ಮೊದಲೇ ಕುರಿ ಕೊಟ್ಟವು. ಕಣಿಕೆಯ ವಾಸನೆಗೆ ಹಿಂಡು ಒಮ್ಮೆಲೆ ಮರಡಿಗೆ ಏರಿತು. ನನ್ನನ್ನು ನೂಕುತ್ತಿದ್ದ ಟಗರೂ ಬಿಟ್ಟು ಓಡಿತು. ಮಾಮಾ ಕುರಿಗಳನ್ನೂ ನಮ್ಮಿಬ್ಬರನ್ನೂ ಸೇರಿಸಿ ಬೈಯುತ್ತ ಸಾಮಾನು ಹೇರಿದ ತನ್ನ ಕುದುರೆಯ ಬೆನ್ನಿನಿಂದ ಬಲೆ ಇಳಿಸಿದ. ಗೂಟ ಬಡಿದ. ಕಲ್ಲಿನ ನೆಲ, ಗೂಟ ಇಳಿಯಲಿಲ್ಲ. ಮತ್ತೆ ಬಡಿದ, ತುದಿ ಮುರಿಯಿತು.

“ಇಲ್ಲಿ ಇಳಿಯಾಕ ಹಾರಿ ಬೇಕೋ ಶಾಣ್ಯಾ ಅಳಿಯಾ! ನಿಂತ ಏನ್ ನೋಡ್ತಿ? ತೊಗೊಂಡ ಬಾ.”

ಬಡಿಗೆ ಅಲ್ಲೇ ಬಿಸಾಕಿ ಹಾರೆ ತರಲು ನಾನು ಮನೆಯ ಕಡೆ ಓಡಿದೆ.